ಭಾನುವಾರದ ಕಾಯಿಹಾಲು

ಖಾರ ತಿಂದು ಬಾಯಿ ಉರಿಯುತ್ತಿರುವಾಗ ಬರುವ ನಿದ್ದೆ ಇದೆಯಲ್ಲ, ಅಂಥ ನಿದ್ದೆ ಬೇರೆ ಇಲ್ಲ. ಮದುವೆಯಾಗಿ ತೆಕ್ಕಟ್ಟೆಯ ಈ ಮನೆಗೆ ಬಂದ ಮೊದಲ ಭಾನುವಾರವೇ ನನಗೆ ಅದು ಗೊತ್ತಾಯಿತು. ಮಧ್ಯಾಹ್ನಕ್ಕೆ ಕೋಳಿ ಸಾರು, ಉದ್ದಿನ ದೋಸೆ. ಎರಡನೇ ದೋಸೆಗೆ ಬರುವಷ್ಟರಲ್ಲಿ ಕಿವಿಯೊಳಗೆ ಗುಂಯ್ ಎನ್ನತೊಡಗಿತು. ತುಟಿ ಎಲ್ಲಿ ಮುಗಿಯಿತು, ಮೂಗು ಎಲ್ಲಿ ಶುರುವಾಯಿತು ಒಂದೂ ತಿಳಿಯದು. ನೀರಿನ ಚೆಂಬಿಗೆ ಕೈ ಚಾಚಿದರೆ ಅತ್ತೆ ಆ ಚೆಂಬನ್ನೇ ಎತ್ತಿ ಆಚೆ ಇಟ್ಟುಬಿಟ್ಟರು.

"ನೀರ್ ಕುಡಿಬ್ಯಾಡ ಹೆಣೆ. ಉರಿ ಇನ್ನೂ ಜಾಸ್ತಿ ಆತ್ತ್. ಬಾಯಿ ತೆಗಿ, ಕಾಂಬ."

ಹೊಸ ಮದುಮಗಳು ನಾನು, ಗಂಡನ ಎದುರೇ ಬಾಯಿ ಆ ಎಂದು ತೆರೆದೆ. ಅತ್ತೆ ನಾಲಿಗೆಯ ಮೇಲೆ ಬೆಲ್ಲದ ಒಂದು ಚೂರು ಇಟ್ಟರು. "ಕಚ್ಬ್ಯಾಡ, ಅದಷ್ಟಕ್ಕೇ ಕರಗ್ಲಿ," ಎಂದರು. ಬೆಲ್ಲ ಕರಗಿತು, ಉರಿ ಕರಗಲಿಲ್ಲ. ನಾನು ತೊದಲುತ್ತಾ ಮೊಸರು ಕೇಳಿದೆ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಮೀನು ಉಂಡ ಬಾಯಿಗೆ ಹಾಲು ಮೊಸರು ತಾಗಿಸಿದರೆ ಮೈಮೇಲೆ ಬಿಳಿ ಕಲೆ ಏಳುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅತ್ತೆಯ ಆಡಳಿತದಲ್ಲಿ ಮೀನಿಗೆ ಇದ್ದ ಕಾಯ್ದೆ ಕೋಳಿಗೂ ಇತ್ತು. ಕೊನೆಗೆ ಸಣ್ಣ ಲೋಟದಲ್ಲಿ ದಪ್ಪನೆಯ ಕಾಯಿಹಾಲು ತಂದು ಕೈಗೆ ಕೊಟ್ಟರು. ನುಂಗದೆ ಬಾಯಿತುಂಬ ಇಟ್ಟುಕೊಂಡು ಸುಮ್ಮನೆ ಕೂರಬೇಕಂತೆ.

ಕೂತೆ. ಸ್ವಲ್ಪ ಹೊತ್ತಿಗೆ ನಾಲಿಗೆ ನನ್ನದೇ ಎಂದು ಗುರುತು ಸಿಕ್ಕಿತು. ಆಮೇಲೆ ಕೆಂಪು ಸಿಮೆಂಟಿನ ನೆಲದ ಮೇಲೆ ಚಾಪೆ ಕೂಡ ಹಾಸದೆ ಮಲಗಿದೆ. ಪಡುವಣ ಕಿಟಕಿಯಿಂದ ಗಾಳಿ ಬರುತ್ತಿತ್ತು. ಗಾಳಿಯ ಹಿಂದೆ ಸಮುದ್ರದ ಸದ್ದು. ಮೂಡಣದ ಕಡೆ ಹೈವೇಯಲ್ಲಿ ಹೋಗುವ ಬಸ್ಸುಗಳ ಸದ್ದು. ಎರಡೂ ಕಲಸಿಕೊಂಡು ಯಾವುದು ಬಸ್ಸು, ಯಾವುದು ಅಲೆ ಎಂದು ತಿಳಿಯದಾಯಿತು. ಮನೆ ಮೆಲ್ಲಗೆ ಮೇಲೆದ್ದು ತೇಲುತ್ತಿದೆ ಅನ್ನಿಸಿತು. ತೇಲುವ ಮನೆಯಲ್ಲಿ ನಾನು, ಆಗಷ್ಟೇ ಪರಿಚಯವಾದ ಗಂಡ, ಬೆಲ್ಲದ ಡಬ್ಬಿಯ ಮುಚ್ಚಳ ಒತ್ತುತ್ತಿರುವ ಅತ್ತೆ. ಎಚ್ಚರವಾದಾಗ ಸಂಜೆ ಐದು ದಾಟಿತ್ತು.

ನನ್ನ ಬಾಯಿಯನ್ನು ಹೀಗೆ ತಂಪು ಮಾಡಿದ ಹೆಂಗಸಿನ ಬಾಯಿಯನ್ನು ನಾನು ಸುಮಾರು ಆರು ತಿಂಗಳು ಸುಟ್ಟೆ. ಗೊತ್ತಿಲ್ಲದೆ ಸುಟ್ಟದ್ದು ಎಂದು ಗಂಡ ಈಗಲೂ ಸಮಾಧಾನ ಹೇಳುತ್ತಾರೆ. ಗೊತ್ತಿರಲಿಲ್ಲ, ಹೌದು. ಆದರೆ ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲವಲ್ಲ! ನನಗೆ ಬೇಕಾಗಿದ್ದದ್ದು ಒಂದೇ. ನಾನು ಮಾಡಿದ ಸಾರನ್ನು ಅತ್ತೆ ಬಾಯಿ ಚಪ್ಪರಿಸಿ ಉಣ್ಣಬೇಕು. ಅಷ್ಟಕ್ಕಾಗಿ ಏನು ಬೇಕಾದರೂ ಮಾಡುವ ಹಟ ನನ್ನಲ್ಲಿತ್ತು.

ಈ ಹಟ ಶುರುವಾದದ್ದು ಮದುವೆಯಾಗಿ ಎರಡನೇ ವರ್ಷ. ಮಂಡಿ ನೋವೆಂದು ಅತ್ತೆ ಅಡುಗೆಯನ್ನು ನನ್ನ ಕೈಗೆ ಬಿಟ್ಟುಕೊಟ್ಟರು. ಅವರ ತವರು ಬೈಂದೂರು. ಪ್ರಾಯದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ಗಂಜಿಯ ಜೊತೆ ಸೂಜಿ ಮೆಣಸನ್ನು ಹಸಿಯಾಗಿ ಕಚ್ಚಿ ತಿನ್ನುತ್ತಿದ್ದರಂತೆ. ಅವರ ತವರಿನಲ್ಲಿ ಖಾರ ತಿನ್ನಲಾರದವರನ್ನು ಕಾಯಿಲೆಯವರ ಲೆಕ್ಕಕ್ಕೆ ಸೇರಿಸುತ್ತಾರೆ. ನನ್ನದು ಬ್ರಹ್ಮಾವರ. ನಮ್ಮಮ್ಮನಿಗೆ ಹೊಟ್ಟೆಯ ತೊಂದರೆ, ಹಾಗಾಗಿ ನಮ್ಮ ಮನೆಯ ಸಾರು ಯಾವಾಗಲೂ ಸಪ್ಪೆ. ಮದುವೆಗೆ ಮೊದಲೇ ಅತ್ತೆಯ ಅಕ್ಕ, ಅಂದರೆ ದೊಡ್ಡತ್ತೆ, ನನ್ನನ್ನು ನೋಡಲು ಬಂದಿದ್ದಾಗ ನಮ್ಮಮ್ಮನ ಮೀನು ಸಾರು ಉಂಡು, "ಇದ್ ಪಾಯಸವೋ ಸಾರೋ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ಹಾಗಾಗಿ ನನ್ನ ಪಾಲಿನ ಅಡುಗೆಯ ಮೊದಲ ದಿನ ಮೈಯೆಲ್ಲ ಕೈಯಾಗಿ ಬಂಗುಡೆ ಸಾರು ಮಾಡಿದೆ. ಅತ್ತೆ ಬಂದು ಕೂತರು, ಬಟ್ಟಲೊಳಗೆ ನೋಡಿದರು, "ನಂಗೆ ಗಂಜಿ ಸಾಕ್," ಎಂದರು. ಗಂಜಿಗೆ ಉಪ್ಪು ಹಾಕಿಕೊಂಡು ಉಂಡು ಎದ್ದರು. ಮರುದಿನವೂ ಗಂಜಿ, ಅದರ ಮರುದಿನವೂ ಗಂಜಿ. ಭಾನುವಾರ ಕೋಳಿ ಸಾರು ಮಾಡಿದರೂ ಗಂಜಿ. ಅಯ್ಯೋ, ನನ್ನ ಸಿಟ್ಟು! ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಸಾರು ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಒಂದು ಮಾತೂ ಇಲ್ಲದೆ ಗಂಜಿ ಉಣ್ಣುವವರ ಹತ್ತಿರ ಯಾವ ಜಗಳ ಮಾಡುವುದು? ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನೊಳಗೆ ಮನಸಾರೆ ಅತ್ತುಬಿಟ್ಟೆ.

ಮುಂದಿನ ಭಾನುವಾರ ಅತ್ತೆ ಊಟಕ್ಕೆ ಕೂತವರು ತಾವಾಗಿಯೇ ಬಟ್ಟಲು ಮುಂದೆ ನೀಡಿದರು. "ಸಾರ್ ಹಾಕ್," ಎಂದರು.

ಹಾಕಿದೆ. ಉಂಡರು. ಅವರ ಕಣ್ಣಲ್ಲಿ ನೀರು ತುಂಬಿತು, ಮೂಗಿನ ತುದಿ ಕೆಂಪಾಯಿತು, ಸೆರಗಿನಿಂದ ಒರೆಸಿಕೊಂಡರು. ನನಗೆ ಸ್ವರ್ಗ ಮೂರೇ ಗೇಣು! ಬೈಂದೂರಿನವಳ ಕಣ್ಣಲ್ಲಿ ನೀರು ತರಿಸಿದೆ ಎಂದು ಬೀಗಿದೆ. ಗುಟ್ಟು ಸಿಕ್ಕಿತು ಎಂದುಕೊಂಡೆ. ಇವರಿಗೆ ಬೇಕಾದದ್ದು ಖಾರ, ಇಷ್ಟು ದಿನ ನಾನು ಕಡಿಮೆ ಹಾಕಿದ್ದೇ ತಪ್ಪು. ಹಾಲಾಡಿ ಪೇಟೆಗೆ ಹೋದಾಗ, ಅಮಾಸೆಬೈಲಿನಿಂದ ತರಕಾರಿ ತಂದು ಕೂರುವ ಒಬ್ಬ ಹೆಂಗಸಿನ ಹತ್ತಿರ ಒಣಗಿದ ಸೂಜಿ ಮೆಣಸು ತಂದೆ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಗಿಡ್ಡ ಮೆಣಸು ಖಾರಕ್ಕೆ, ಅದರ ಮೇಲೆ ಈ ಸೂಜಿ ಮೆಣಸು ನನ್ನ ಸೊಕ್ಕಿಗೆ. ಹುರಿಯುವಾಗ ಪಕ್ಕದ ಮನೆಯವರು ಕೆಮ್ಮುತ್ತಾ ಕಿಟಕಿ ಮುಚ್ಚುವ ಸದ್ದು ಕೇಳುತ್ತಿತ್ತು. ನನಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು.

ಗಂಡ ಐಸ್ ಸಾಗಿಸುವ ವ್ಯಾನ್ ಓಡಿಸುತ್ತಾರೆ. ವಾರವಿಡೀ ತಣ್ಣಗಿನ ಕೆಲಸ. ಭಾನುವಾರ ಮಾತ್ರ ಅವರ ನೆತ್ತಿಯಿಂದ ಬೆವರು ತಟತಟ ಇಳಿಯುತ್ತಿತ್ತು.

"ಇದ್ ಸಾರಾ ಬೆಂಕಿಯಾ ಮಾರಾಯ್ತಿ? ಅಮ್ಮ, ನೀವಾರೂ ಹೇಳಿ ಇವ್ಳಿಗೆ."

"ಸುಮ್ನೆ ಉಣ್ಣ್. ಖಾರ ಇದ್ರೇ ಸಾರ್," ಎನ್ನುತ್ತಿದ್ದರು ಅತ್ತೆ. ಅವರ ದನಿ ಆಗ ಸ್ವಲ್ಪ ದಪ್ಪವಾಗಿ, ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಎಲೆಯಡಿಕೆ ಇರಬೇಕು ಎಂದುಕೊಳ್ಳುತ್ತಿದ್ದೆ. ಅವರ ಎಲೆಯಡಿಕೆಯ ಚೀಲ ಸೊಂಟ ಬಿಟ್ಟು ಇಳಿದದ್ದೇ ಕಡಿಮೆ.

ಆ ಭಾನುವಾರಗಳನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಅಮಲು. ಊಟ ಮುಗಿದ ಮೇಲೆ ಮನೆಗೆ ಮನೆಯೇ ಸೋತು ಬೀಳುತ್ತಿತ್ತು. ಗಂಡ ಚಾವಡಿಯಲ್ಲಿ, ನಾನು ನಡುಕೋಣೆಯ ಕೆಂಪು ನೆಲದ ಮೇಲೆ. ತುಟಿ ಉರಿಯುತ್ತಾ, ಕಣ್ಣು ಮುಚ್ಚುತ್ತಾ, ಉರಿ ಯಾವ ಗಳಿಗೆಯಲ್ಲಿ ನಿದ್ದೆಯಾಯಿತು ಎಂದು ಹಿಡಿಯಲು ನೋಡುತ್ತಿದ್ದೆ. ಒಂದು ಸಲವೂ ಸಿಕ್ಕಲಿಲ್ಲ. ಆ ನಿದ್ದೆಯಲ್ಲಿ ಎಲ್ಲೋ ಹಿತ್ತಿಲ ಬಾಗಿಲು ಕಿರುಗುಟ್ಟುತ್ತಿತ್ತು, ಯಾರೋ ಬರಿಗಾಲಲ್ಲಿ ಹಾದುಹೋಗುತ್ತಿದ್ದರು. ಕನಸಿನಲ್ಲಿ ಸಮುದ್ರ ನಮ್ಮ ಹಿತ್ತಿಲಿಗೆ ಬಂದು ಬಾವಿಯ ಹತ್ತಿರ ನಿಂತು ಕಾಲು ತೊಳೆದು ಹೋಗುತ್ತಿತ್ತು. ನನಗೆ ಎದ್ದು ನೋಡುವ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಅನುಮಾನ ಬಂದದ್ದು ಸಾರಿನಿಂದ. ಕೋಳಿ ಸಾರಿಗೆ ಕೊನೆಯಲ್ಲಿ ಕಾಯಿಹಾಲು ಹಾಕಬೇಕು. ತುರಿದ ಕಾಯಿಯನ್ನು ಅರೆದು ನೀರು ಸೇರಿಸದೆ ಹಿಂಡಿದರೆ ಬರುವುದು ಮೊದಲ ಹಾಲು, ಕೆನೆಯ ಹಾಗೆ ದಪ್ಪ. ನೀರು ಹಾಕಿ ಹಿಂಡಿದರೆ ಎರಡನೇ ಹಾಲು, ಮೂರನೇ ಹಾಲು. ಮೊದಲ ಹಾಲು ಬಿದ್ದರೇ ಸಾರಿಗೆ ಮೈ ಬರುವುದು. ಅಡುಗೆಯೆಲ್ಲ ನನಗೆ ಬಿಟ್ಟರೂ ಈ ಹಾಲು ಹಿಂಡುವ ಕೆಲಸವನ್ನು ಮಾತ್ರ ಅತ್ತೆ ಬಿಟ್ಟಿರಲಿಲ್ಲ. "ಅದೊಂದ್ ನಾನ್ ಮಾಡ್ತೆ," ಎಂದು ಪಾತ್ರೆ ಎತ್ತಿಕೊಂಡು ಕೂರುತ್ತಿದ್ದರು. ಬರಬರುತ್ತಾ ನನ್ನ ಸಾರು ನೀರುನೀರಾಗತೊಡಗಿತು. ಒಂದರ ಬದಲು ಎರಡು ಕಾಯಿ ತುರಿದುಕೊಟ್ಟೆ. ಆಗಲೂ ಅದೇ ನೀರು.

ಒಂದು ಭಾನುವಾರ ಅವರು ಕೊಟ್ಟ ಹಾಲಿಗೆ ಬೆರಳು ಅದ್ದಿ ನೆಕ್ಕಿದೆ. ಬರೀ ಎರಡನೇ ಹಾಲು! ಮೊದಲನೆಯದು ಇಲ್ಲವೇ ಇಲ್ಲ. ನನ್ನ ತಲೆ ಧಿಮ್ ಎಂದಿತು. ಸೊಸೆಯ ಸಾರಿಗೆ ಹೆಸರು ಬರಬಾರದು ಎಂದು ಹೀಗೆ ಮಾಡುತ್ತಿದ್ದಾರೆ. ಎದುರಿಗೆ ಕಣ್ಣೀರು ಸುರಿಸಿಕೊಂಡು ಉಣ್ಣುವುದು, ಹಿಂದಿನಿಂದ ಸಾರನ್ನು ಕೆಡಿಸುವುದು. ಎಂಥಾ ನಾಟಕ! ಆ ಒಂದು ವಾರ ನಾನು ಅತ್ತೆಯ ಮುಖ ನೋಡಿ ಸರಿಯಾಗಿ ಮಾತಾಡಲಿಲ್ಲ. ಕೈಯಾರೆ ಹಿಡಿಯಬೇಕು ಎಂದು ನಿಶ್ಚಯ ಮಾಡಿದೆ.

ಮುಂದಿನ ಭಾನುವಾರ ನಾನು ಸಾರು ಬಡಿಸಿಕೊಳ್ಳಲಿಲ್ಲ. ಬರೀ ದೋಸೆ ತಿಂದೆ. ಖಾರ ತಿಂದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಕಳ್ಳರು ಸಿಗುವುದಿಲ್ಲ. ಊಟವಾದ ಮೇಲೆ ಎಂದಿನ ಜಾಗದಲ್ಲಿ ಕಣ್ಣು ಮುಚ್ಚಿ ಮಲಗಿದೆ. ಗಂಡನ ಗೊರಕೆ ಶುರುವಾಯಿತು. ಗಾಳಿ ಬಂತು, ಹೋಯಿತು. ಆಮೇಲೆ ನನ್ನ ಕನಸಿನದೇ ಆ ಬರಿಗಾಲಿನ ಸದ್ದು, ಬಾಗಿಲ ಕಿರುಗುಟ್ಟು. ಎಚ್ಚರದಲ್ಲಿ ಕೇಳಿದರೂ ಅದು ಕನಸಿನದೇ ಅನ್ನಿಸಿ ಒಂದು ಗಳಿಗೆ ಸುಮ್ಮನೆ ಬಿದ್ದುಕೊಂಡಿದ್ದೆ. ಆಮೇಲೆ ಎದ್ದು ಹಿಂದೆಯೇ ಹೋದೆ.

ಬಚ್ಚಲಿನ ಹಿಂದೆ, ಬಾಳೆಗಿಡದ ನೆರಳಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ಸ್ಟೀಲಿನ ಲೋಟ. ಎರಡೂ ಕೆನ್ನೆ ಉಬ್ಬಿದ್ದವು. ಕಣ್ಣು ಮುಚ್ಚಿತ್ತು.

"ಹಾಂಗಾರೆ ನೀವೇ! ಸಾರಿಗ್ ಹಾಕು ಹಾಲ್ ಇಲ್ ತಂದ್ ಕುಡಿತ್ರಿಯಾ? ನನ್ ಸಾರ್ ಕೆಡ್ಸುಕೆ ಎಷ್ಟ್ ದಿನದಿಂದ ಹೀಂಗ್ ಮಾಡ್ತಾ ಇದ್ರಿ?"

ಅತ್ತೆ ಕಣ್ಣು ಬಿಟ್ಟರು. ಬಾಯಿತುಂಬ ಹಾಲು, ಮಾತಾಡುವ ಹಾಗಿರಲಿಲ್ಲ. ಒಂದು ಬೆರಳು ಮೇಲೆತ್ತಿ, ತಡಿ ಎಂಬಂತೆ ತೋರಿಸಿದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ. ಬಾಳೆ ಎಲೆಗಳು ಅಲ್ಲಾಡಿದವು. ಬಿಸಿಲು ನಿಧಾನವಾಗಿ ಅವರ ಕಾಲಿನ ಮೇಲೆ ಹತ್ತಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಗೊತ್ತಿಲ್ಲ, ಆ ಹೊತ್ತು ಇನ್ನೂ ಮುಗಿದೇ ಇಲ್ಲ ಎಂದು ಕೆಲವು ಸಲ ಅನ್ನಿಸುತ್ತದೆ. ಕೊನೆಗೆ ಅತ್ತೆ ಬಗ್ಗಿ, ಬಾಯಲ್ಲಿದ್ದ ಹಾಲನ್ನು ಬಾಳೆಯ ಬುಡಕ್ಕೆ ಬಿಟ್ಟರು. ಅದು ಬಿಳಿಯಾಗಿರಲಿಲ್ಲ. ತಿಳಿಗೆಂಪಾಗಿತ್ತು.

"ಅತ್ತೆ, ರಕ್ತ."

"ರಕ್ತ ಅಲ್ಲ ಹೆಣೆ, ಎಲೆಡಿಕೆ ಬಣ್ಣ," ಎಂದರು. ಬೆಳಿಗ್ಗೆಯಿಂದ ಅವರು ಎಲೆಯಡಿಕೆ ಹಾಕಿರಲಿಲ್ಲ. ನಾನು ಕಳ್ಳರನ್ನು ಹಿಡಿಯಲು ಅವರನ್ನೇ ನೋಡುತ್ತಿದ್ದವಳು, ನನಗೆ ಗೊತ್ತಿತ್ತು.

ಮೊಬೈಲಿನ ಟಾರ್ಚ್ ಹಾಕಿ, ಬಾಯಿ ತೆರೆಯಿರಿ ಎಂದೆ. ಬೇಡ ಎಂದರು. ಹಟ ಮಾಡಿದೆ. ತೆರೆದರು. ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯಿತು, ಅದಕ್ಕಿಂತ ಹೆಚ್ಚು ಆಗಲಿಲ್ಲ. ಕೆನ್ನೆಯ ಒಳಗೆಲ್ಲ ಬೆಳ್ಳಗೆ ಬಿಳಿಚಿಕೊಂಡಿತ್ತು. ನಡುನಡುವೆ ಚರ್ಮ ಸುಲಿದು ಕೆಂಪು. ನಾಲಿಗೆಯ ಅಂಚು ಹಸಿ ಗಾಯ. ನಾನು ಟಾರ್ಚ್ ಆರಿಸಿದೆ.

"ಎಷ್ಟ್ ದಿನ ಆಯ್ತ್ ಇದ್?"

"ಹೋದ್ ಮಳ್ಗಾಲದಿಂದ. ಖಾರ ಒಂಚೂರ್ ತಾಗ್ರೂ ಉರಿ."

ಹೋದ ಮಳೆಗಾಲ ಎಂದರೆ ನಾನು ಅಡುಗೆ ಹಿಡಿಯುವುದಕ್ಕಿಂತ ಮೊದಲು. ಗಂಜಿ ಉಂಡದ್ದು ಅದಕ್ಕೆ.

"ಹಾಂಗಾರೆ ನನ್ ಸಾರ್ ಎಂತಕ್ ತಿಂದ್ರಿ? ಗಂಜಿನೇ ಉಂಬುಕ್ ಆತಿತ್ತಲ್ದಾ?"

ಅತ್ತೆ ಲೋಟದ ತಳದಲ್ಲಿ ಉಳಿದ ಹಾಲನ್ನು ನೋಡುತ್ತಾ ಕೂತರು. "ಗಂಜಿ ಉಂಡದ್ಕೆ ನೀನ್ ಬಚ್ಲಗೆ ಕೂಕಂಡ್ ಮರ್ಕಿದ್ಯಲ್ಲೇ ಮಗಾ. ನಲ್ಲಿ ಬಿಟ್ರೆ ಕೇಂತಿಲ್ಲೆ ಅಂದೇಳಿ ಮಾಡಿದ್ಯಾ? ನಂಗೆ ಎಲ್ಲ ಕೇಂಡಿತ್ತ್. ಬಾಯಿ ಉರಿಗಾರೆ ಕಾಯಿಹಾಲ್ ಇತ್ತ್. ನೀನ್ ಮರ್ಕುದ್ಕೆ ನಾನ್ ಎಂತ ಕೊಡುದ್, ಹೇಳ್?"

ಅಂದು ಬಚ್ಚಲಲ್ಲಿ ನಾನು ಅತ್ತದ್ದು ಅವರಿಗೆ ಕೇಳಿಸಿತ್ತು. ಅವರ ಕಾಲಿನ ಹತ್ತಿರ ನೆಲದ ಮೇಲೆಯೇ ಕೂತುಬಿಟ್ಟೆ. ಒದ್ದೆ ಮಣ್ಣು ಸೀರೆಗೆ ತಾಗಿತು. ನಾಚಿಕೆ, ಸಂಕಟ, ನನ್ನ ಮೇಲೆಯೇ ನನಗೆ ಅಸಹ್ಯ. ಆರು ತಿಂಗಳು ಆ ಸುಲಿದ ಬಾಯಿಗೆ ನಾನು ಹಾಲಾಡಿಯಿಂದ ಹುಡುಕಿ ಹುಡುಕಿ ಮೆಣಸು ತಂದು ಹಾಕಿದ್ದೆ. ಅವರ ಕಣ್ಣೀರು ಕಂಡು ಹಿಗ್ಗಿದ್ದೆ.

ಮರುದಿನವೇ ಕುಂದಾಪುರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅಡಿಕೆ ಜಗಿದು ಜಗಿದು ಬಾಯಿಯ ಒಳಚರ್ಮ ಬಿಗಿದಿದೆ, ಕ್ಯಾನ್ಸರ್ ಅಲ್ಲ, ಆದರೆ ಇನ್ನು ಅಡಿಕೆ ಬಾಯಿಗೆ ಇಡಕೂಡದು, ಖಾರದ ಹನಿಯೂ ತಾಗಕೂಡದು, ಹೀಗೇ ಬಿಟ್ಟರೆ ಮುಂದೆ ಏನಾಗುತ್ತದೋ ಹೇಳಲಾಗದು ಎಂದರು. ಖಾರ ಎಂದಾಗ ಡಾಕ್ಟರು ನನ್ನ ಕಡೆ ನೋಡಿದರು. ಸುಮ್ಮನೆ ನೋಡಿದ್ದು, ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅತ್ತೆ ಎಲೆಯಡಿಕೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದರು.

"ಬೈಂದೂರಲ್ ಯಾರಿಗೂ ಹೇಳುಕಾಗ. ಅಕ್ಕಂಗಂತೂ ಗೊತ್ತೇ ಆಪುಕಾಗ."

ಆಗಲಿ ಎಂದು ಅವರ ಕೈ ಹಿಡಿದುಕೊಂಡೆ.

ಅಂದಿನಿಂದ ನಮ್ಮ ಮನೆಯ ಸಾರಿಗೆ ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ ಇವೇ ಗತಿ. ಅತ್ತೆಗೆ ಬೇರೆ, ನಮಗೆ ಬೇರೆ ಮಾಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ, ಬೇರೆ ಪಾತ್ರೆಯ ಊಟ ಕಾಯಿಲೆಯವರದು ಎಂದು ಹಟ. ಸರಿ, ಎಲ್ಲರಿಗೂ ಒಂದೇ ಎಂದೆ. ಖಾರ ಇಲ್ಲದ ಭಾನುವಾರಗಳಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಮಧ್ಯಾಹ್ನಗಳು ಸುಮ್ಮನೆ ಬೆಳ್ಳಗೆ ಹರಡಿಕೊಂಡಿರುತ್ತಿದ್ದವು. ಅತ್ತೆ ಡಾಕ್ಟರು ಹೇಳಿಕೊಟ್ಟ ಹಾಗೆ ಕನ್ನಡಿಯ ಎದುರು ನಿಂತು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದರು. ಬಿಳಿಚಿದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಬಣ್ಣ ಬಂತು. ನಾನು ಪಕ್ಕದಲ್ಲಿ ನಿಂತು ಬೆರಳು ಇಟ್ಟು ಅಳತೆ ನೋಡುತ್ತಿದ್ದೆ.

ಹೀಗಿರುವಾಗ ದೊಡ್ಡತ್ತೆ ತಮ್ಮ ಇಬ್ಬರು ಸೊಸೆಯಂದಿರನ್ನು ಕರೆದುಕೊಂಡು ಬೈಂದೂರಿನಿಂದ ಬಂದರು. ನನ್ನ ಕೋಳಿ ಸಾರಿನ ಹೆಸರು ಅಲ್ಲಿಯವರೆಗೆ ಮುಟ್ಟಿತ್ತು, ಗಂಡನೇ ಹೇಳಿಕೊಂಡು ಬಂದದ್ದು. "ನಿನ್ ಕೈ ಸಾರ್ ಉಂಬುಕ್ ಅಂದೇಳಿಯೇ ಬಂದದ್ ಹೆಣೆ," ಎಂದರು ದೊಡ್ಡತ್ತೆ. ಒಲೆಯ ಎದುರು ನಿಂತೆ. ಸೂಜಿ ಮೆಣಸಿನ ಡಬ್ಬಿ ಕೈಗೆ ಎಟಕುವ ಹಾಗೇ ಇತ್ತು. ಇವತ್ತೊಂದು ದಿನ ಹಾಕಿದರೆ ಪಾಯಸ ಎಂದವರ ಬಾಯಿ ಮುಚ್ಚುತ್ತದೆ. ಹಾಕಿದರೆ ಅತ್ತೆ ಅಕ್ಕನ ಎದುರು ಗಂಜಿ ಕೇಳುವುದಿಲ್ಲ, ಹಲ್ಲು ಕಚ್ಚಿ ಅದನ್ನೇ ಉಣ್ಣುತ್ತಾರೆ. ಅದೂ ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ಮುಟ್ಟಲಿಲ್ಲ.

ಎಲ್ಲರೂ ಸಾಲಾಗಿ ಕೂತರು. ಬಡಿಸಿದೆ. ದೊಡ್ಡತ್ತೆ ದೋಸೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟು, ಜಗಿಯುವುದನ್ನು ನಿಲ್ಲಿಸಿದರು.

"ಎಂತ ಹೆಣೆ ಇದ್? ನಿಮ್ಮನೇಲ್ ಮೆಣಸ್ ಖಾಲಿ ಆಯಿತ್ತಾ? ಬ್ರಹ್ಮಾವರದ್ ಬುದ್ಧಿ ಬಿಡ್ಲೇ ಇಲ್ಲ್ಯಲ್ಲೆ ನೀನ್!"

ಸೊಸೆಯಂದಿರು ತಲೆ ತಗ್ಗಿಸಿ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಬಂದ ಸಿಟ್ಟನ್ನು ನುಂಗಿಕೊಂಡೆ. "ಹೌದ್ ದೊಡ್ಡತ್ತೆ, ಕೈ ತಪ್ಪಿತ್. ನಂಗೆ ನಿಮ್ಮಾಂಗೆ ಮಾಡುಕ್ ಬತ್ತಿಲ್ಲೆ," ಎಂದೆ.

"ಅದನ್ ನಾನ್ ಆವತ್ತೇ ಹೇಳಿದ್ದೆ ಅಲ್ದಾ ತಂಗಿ?" ಎಂದು ದೊಡ್ಡತ್ತೆ ಅತ್ತೆಯ ಕಡೆ ತಿರುಗಿದರು.

ಅತ್ತೆ ತಟ್ಟೆ ನೋಡುತ್ತಾ ಕೂತಿದ್ದರು. ಎಂದಿಗಿಂತ ನಿಧಾನವಾಗಿ ಒಂದು ತುತ್ತು ನುಂಗಿದರು. ಆಮೇಲೆ ಎಡಗೈಯಿಂದ ಸೆರಗು ಸರಿಮಾಡಿಕೊಂಡು ಅಕ್ಕನ ಮುಖಕ್ಕೆ ಮುಖ ಕೊಟ್ಟರು.

"ಅಕ್ಕ, ಅವ್ಳಿಗ್ ಮಾಡುಕ್ ಬತ್ತಿಲ್ಲೆ ಅಂದೇಳಿ ಅಲ್ಲ. ನಂಗೆ ತಿಂಬುಕ್ ಆತಿಲ್ಲೆ."

ಹೇಳಿ, ಎಲ್ಲರ ಎದುರು ತಮ್ಮ ಬಾಯಿಯನ್ನು ಎಷ್ಟು ತೆರೆಯಲು ಆಗುತ್ತದೋ ಅಷ್ಟು ತೆರೆದು ತೋರಿಸಿದರು.

ದೊಡ್ಡತ್ತೆ ತಂಗಿಯ ಬಾಯೊಳಗೆ ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ತಮ್ಮ ಬಟ್ಟಲನ್ನು ನನ್ನ ಕಡೆ ದೂಡಿ, "ಹಾಕ್ ಮಗಾ, ಇನ್ನೊಂದ್ ಸೌಟ್ ಹಾಕ್," ಎಂದರು. ಹಾಕಿದೆ. ದೋಸೆ ತರುತ್ತೇನೆ ಎಂದು ಒಳಗೆ ಓಡಿ ಬಾಗಿಲ ಹಿಂದೆ ನಿಂತೆ. ಹಿಂದೆಯೇ ಬಂದ ಗಂಡ, ಯಾಕೆ ಅಳುತ್ತಿದ್ದೀಯ ಎಂದು ಕೇಳಿದರು. ಖಾರ ಎಂದು ಹೇಳಲು ಬಾಯಿ ತೆರೆದೆ. ಆ ಸಾರಿನಲ್ಲಿ ಒಂದು ಮೆಣಸೂ ಇರಲಿಲ್ಲ.